ಕಳುವಾದ ಟೇಪು, ಮುಚ್ಚಿದ ಬಾಗಿಲು: ಒಂದು ಪಾಪ್-ಪಂಕ್ ಬ್ಯಾಂಡಿನ ಕೇಸ್ ಸ್ಟಡಿ

ಮೊದ್ಲೇ ಒಂದ್ ಮಾತು ಹೇಳ್ಬಿಡ್ತೀನಿ, ಈ ಬ್ಯಾಂಡಿನ ಹೆಸ್ರು ನಾನಿಲ್ಲಿ ಬರಿಯಲ್ಲ. ಮೂರು ಜನರ ಹೆಸ್ರೂ ಇಲ್ಲ, ಆಲ್ಬಂ ಹೆಸ್ರೂ ಇಲ್ಲ, ಇಸವಿ ಮಾತ್ರ ಹಾಕ್ತೀನಿ. ಗೊತ್ತಿರೋರಿಗೆ ನಾಲ್ಕೇ ಸಾಲಲ್ಲಿ ಗೊತ್ತಾಗ್ಬಿಡತ್ತೆ, ಗೊತ್ತಾದ್ರೆ ನಿಮ್ಮಲ್ಲೇ ಇಟ್ಕೊಳಿ. ಯಾಕಂದ್ರೆ ಹೆಸ್ರು ಬಂದ ತಕ್ಷಣ "ಅವ್ರು 94ಕ್ಕೇ ಮುಗ್ದೋದ್ರು" ಅಂತ ಒಬ್ಬ, "2004ರದ್ದು ಕೇಳಿದೀಯೇನೋ ನೀನು" ಅಂತ ಇನ್ನೊಬ್ಬ, ಜಗಳ ಶುರುವಾಗತ್ತೆ, ಕೇಸು ಪಕ್ಕಕ್ಕೆ ಹೋಗತ್ತೆ. ನಂಗೆ ಬೇಕಿರೋದು ಆ ಜಗಳ ಅಲ್ಲ. ಮೂವತ್ತೈದು ವರ್ಷಕ್ಕಿಂತ ಜಾಸ್ತಿ ಆಯ್ತು ಈ ಬ್ಯಾಂಡ್ ಶುರುವಾಗಿ, ಎರಡು ಸಲ ತುತ್ತತುದಿಗೆ ಹೋಗಿದಾರೆ, ಎರಡು ಸಲ ಜಾರಿದಾರೆ, ಒಂದೊಂದರ ಹಿಂದೇನೂ ಯಾವ್ದೋ ಒಂದು ತೀರ್ಮಾನ ಇದೆ. ನಾನೂ ನಾಲ್ಕು ವರ್ಷ ಒಂದು ಸಣ್ಣ ಬ್ಯಾಂಡಲ್ಲಿ ಬೇಸ್ ಗಿಟಾರ್ ಬಾರಿಸಿ ಆಮೇಲೆ ಬಿಟ್ಟವನು, ನಮ್ಮದು ಯಾಕೆ ಒಡೀತು ಅಂತ ಯೋಚಿಸ್ತಾ ಯೋಚಿಸ್ತಾನೇ ಈ ಕೇಸಿನ ಹಿಂದೆ ಬಿದ್ದಿದ್ದು.

ಹಿನ್ನೆಲೆ

ಊರು ರೋಡಿಯೋ, ಕ್ಯಾಲಿಫೋರ್ನಿಯಾ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದಲ್ಲಿ, ಎಣ್ಣೆ ರಿಫೈನರಿ ಪಕ್ಕದ ಸಣ್ಣ ಊರು. ಹಾಡೋ ಹುಡುಗನ ಅಪ್ಪ ಲಾರಿ ಓಡಿಸ್ತಿದ್ರು, ಜೊತೆಗೆ ಜಾಝ್ ಡ್ರಮ್ ಬಾರಿಸ್ತಿದ್ರು, 1982ರಲ್ಲಿ ಕ್ಯಾನ್ಸರ್ ಬಂದು ತೀರ್ಕೊಂಡ್ರು, ಆಗ ಹುಡುಗನಿಗೆ 10 ವರ್ಷ. ಅಮ್ಮ ಹೋಟೆಲಲ್ಲಿ ಸಪ್ಲೈ ಮಾಡೋ ಕೆಲಸ. ಹೆಚ್ಚುಕಮ್ಮಿ ಅದೇ ಟೈಮಿಗೆ ಸ್ಕೂಲಲ್ಲಿ ಇನ್ನೊಬ್ಬ ಹುಡುಗ ಸಿಕ್ಕಿದ, ಮುಂದೆ ಬೇಸ್ ಹಿಡಿದವನು ಅವನೇ, ಇವತ್ತಿಗೂ ಅವನೇ. 1987ರಲ್ಲಿ ಮೊದಲ ಶೋ ಕೊಟ್ಟಿದ್ದು ಎಲ್ಲಿ ಅಂತೀರಾ, ಪಕ್ಕದ ವಲೇಹೋ ಊರಲ್ಲಿ ಆ ಅಮ್ಮ ಕೆಲಸ ಮಾಡ್ತಿದ್ದ ಬಾರ್ಬೆಕ್ಯೂ ಹೋಟೆಲಲ್ಲೇ. ಆಗ ಬ್ಯಾಂಡಿನ ಹೆಸ್ರೇ ಬೇರೆ ಇತ್ತು, 1989ರಲ್ಲಿ ಬದಲಾಯಿಸಿದ್ರು.

ಇಲ್ಲಿಂದ ಕತೆಗೆ ಒಂದು ಜಾಗ ಬರತ್ತೆ, ಅದನ್ನ ಹೆಸ್ರು ಹೇಳ್ದೆ ಬಿಡಕ್ಕಾಗಲ್ಲ. ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್. 1986ರ ಡಿಸೆಂಬರ್ 31ರಂದು ಒಂದು ಹಳೇ ಗೋದಾಮಲ್ಲಿ ಶುರುವಾದ ಕ್ಲಬ್ಬು. ಎಣ್ಣೆ ಹಾಕೋ ಹಾಗಿಲ್ಲ, ಯಾವ ವಯಸ್ಸಿನೋರಾದ್ರೂ ಬರ್ಬಹುದು, ಮಾಲೀಕ ಅಂತ ಒಬ್ಬ ಕೂತಿರಲ್ಲ, ಬಾಗಿಲಲ್ಲಿ ದುಡ್ಡು ಇಸ್ಕೊಳೋನೂ ಅಲ್ಲಿ ಹಾಡು ಕೇಳೋಕೆ ಬಂದ ಹುಡುಗನೇ, ಶೋ ಮುಗಿದ ಮೇಲೆ ಕಸ ಗುಡಿಸೋನೂ ಅವನೇ. ನಮ್ಮ ಕಡೆ ಗಣೇಶ ಪೆಂಡಾಲ್ ಹುಡುಗರು ಮಾಡ್ತಾರಲ್ಲ, ಹಾಗೆ, ಆದ್ರೆ ವರ್ಷಪೂರ್ತಿ, ಮತ್ತೆ ರೂಲ್ಸು ಗಟ್ಟಿ. ಜನಾಂಗದ್ವೇಷ ಇಲ್ಲ, ಹೆಣ್ಮಕ್ಕಳನ್ನ ಕೀಳಾಗಿ ನೋಡೋದಿಲ್ಲ, ಸಲಿಂಗಿಗಳನ್ನ ಆಡ್ಕೊಳೋದಿಲ್ಲ, ದೊಡ್ಡ ಕಂಪನಿ ಲೇಬಲ್ (ಹಾಡು ರೆಕಾರ್ಡ್ ಮಾಡಿ ಮಾರೋ ಸಂಸ್ಥೆ) ಜೊತೆ ಸೈನ್ ಮಾಡಿದ ಬ್ಯಾಂಡಿಗೆ ಸ್ಟೇಜ್ ಇಲ್ಲ. ಈ ಕೊನೇ ರೂಲ್ಸು ನೆನಪಿಟ್ಕೊಳಿ.

ಆಗಿನ ಸೌಂಡು ಹೇಗಿತ್ತು ಅಂದ್ರೆ, ಮೂರು-ನಾಲ್ಕು ಕಾರ್ಡು, ಸ್ಪೀಡು, ಗಿಟಾರ್ ಪೂರ್ತಿ ಡಿಸ್ಟಾರ್ಷನ್ನು (ಬೇಕಂತ್ಲೇ ಒರಟು ಮಾಡಿದ ಸೌಂಡು), ಅಲ್ಲಿಗೆ ಪಂಕೇ. ಆದ್ರೆ ಮೇಲೆ ಕೂತಿದ್ದ ರಾಗ ಮಾತ್ರ ಒಂದ್ಸಲ ಕೇಳಿದ್ರೆ ಬಾಯಲ್ಲಿ ಉಳ್ಕೊಳೋ ಅಂಥದ್ದು, ಮಾತು ಪೂರ್ತಿ ಹುಡುಗಿ ಬಗ್ಗೆ, ಒಬ್ನೇ ಕಿಟಕಿ ಹತ್ರ ಕೂತಿರೋದ್ರ ಬಗ್ಗೆ. ಸುತ್ತಮುತ್ತ ಎಲ್ರೂ ಸರ್ಕಾರ ಬಯ್ಯೋ ಹಾಡು ಹಾಡ್ತಿರೋವಾಗ ಇವ್ರು ಪ್ರೇಮಗೀತೆ. ಅಂದ್ರೆ ಪಾಪ್ ಅಂಶ ಆಮೇಲೆ ದುಡ್ಡಿಗೋಸ್ಕರ ಬೆರೆಸಿದ್ದು ಅಂತಾರಲ್ಲ, ಅದು ಸುಳ್ಳು, ಬೀಜದಲ್ಲೇ ಇತ್ತು. 1990ರಲ್ಲಿ ಮೊದಲ ಆಲ್ಬಂ ಒಂದು ಸಣ್ಣ ಲೋಕಲ್ ಲೇಬಲ್ಲಿಂದ. ಅದಾದ್ಮೇಲೆ ಡ್ರಮ್ಮರ್ ಕಾಲೇಜು ಸೇರ್ತೀನಿ ಅಂತ ಹೋದ, ಹೊಸಬ ಬಂದ. ಮೆಂಡಸೀನೋ ಬೆಟ್ಟದ ಕಡೆ ಬೆಳೆದವನು, ಹನ್ನೆರಡನೇ ವಯಸ್ಸಿಗೇ ಒಂದು ಬ್ಯಾಂಡಲ್ಲಿ ಬಾರಿಸ್ತಿದ್ದವನು. ಇವನು ಬಂದ್ಮೇಲೆ ಸೌಂಡೇ ಬದಲಾಯ್ತು, ನನ್ನ ಪ್ರಕಾರ ಈ ಬ್ಯಾಂಡಿನ ಮೊದಲ ನಿಜವಾದ ಬದಲಾವಣೆ ಇದೇ, ಯಾರೂ ಲೆಕ್ಕಕ್ಕೆ ತಗೊಳಲ್ಲ. ಅವನ ಅಪ್ಪ ಒಂದು ಹಳೇ ಸಂಚಾರಿ ಲೈಬ್ರರಿ ಗಾಡಿನ ರಿಪೇರಿ ಮಾಡ್ಸಿ ತಾವೇ ಡ್ರೈವ್ ಮಾಡ್ಕೊಂಡು ಮೂವರನ್ನೂ ಅಮೆರಿಕಾ ಪೂರ್ತಿ ಟೂರ್ ಕರ್ಕೊಂಡ್ಹೋದ್ರು. ನಮ್ಮಪ್ಪ ಆಂಪ್ಲಿಫೈಯರ್ ನೋಡಿ "ಇದಕ್ಕೆ ಕರೆಂಟ್ ಬಿಲ್ ಯಾರು ಕಟ್ತಾರೆ" ಅಂದಿದ್ದು ನೆನಪಾಯ್ತು.

1991ರ ಕೊನೆಗೆ ಬಂದ ಎರಡನೇ ಆಲ್ಬಂ ಸಣ್ಣ ಲೇಬಲ್ ಲೆಕ್ಕಕ್ಕೆ ಭಾರಿ ಹಿಟ್ಟು, ಸುಮಾರು 50,000 ಪ್ರತಿ ಹೋಯ್ತು. ಅಲ್ಲಿಂದ ತಲೆನೋವು ಶುರು.

ಸಮಸ್ಯೆ

ನಿಮ್ಮ ಹಾಡು ನೀವಿರೋ ಜಾಗಕ್ಕಿಂತ ದೊಡ್ಡದಾದ್ರೆ ಏನ್ಮಾಡ್ತೀರಿ? ಶೋಗೆ ಬರೋ ಜನ ಒಳಗೆ ಹಿಡೀತಿಲ್ಲ, ಲೇಬಲ್ಲಿಗೆ ಅಷ್ಟು ಸಿಡಿ ಕ್ಯಾಸೆಟ್ ಅಂಗಡಿಗಳಿಗೆ ತಲುಪಿಸೋ ಶಕ್ತಿ ಇಲ್ಲ, 1991ರಲ್ಲಿ ಸಿಯಾಟಲ್ ಕಡೆಯ ಬ್ಯಾಂಡುಗಳು ಹಿಟ್ಟಾದ್ಮೇಲೆ ದೊಡ್ಡ ಕಂಪನಿಯೋರೆಲ್ಲ ಮುಂದಿನ ಬ್ಯಾಂಡ್ ಎಲ್ಲಿದೆ ಅಂತ ಹುಡುಕ್ಕೊಂಡು ಅಲೀತಿದಾರೆ. ಸೈನ್ ಮಾಡಿದ್ರೆ ಗಿಲ್ಮನ್ ಬಾಗಿಲು ಮುಚ್ಚತ್ತೆ. ಅದು ಬರೀ ಒಂದು ಹಾಲ್ ಅಲ್ಲ, ಸ್ನೇಹಿತರು, ಹುಡುಗೀರು, ಊಟ, ಜಗಳ, ಎಲ್ಲಾ ಅಲ್ಲೇ. ಹಾಡೋನು 18 ತುಂಬೋಕೆ ಒಂದು ದಿನ ಮುಂಚೆ ಸ್ಕೂಲ್ ಬಿಟ್ಟವನು, ಕೈಯಲ್ಲಿ ಬೇರೆ ಕೆಲಸ ಇಲ್ಲ, ವಾಪಸ್ ಹೋಗಕ್ಕೆ ಬೇರೆ ಜಾಗಾನೂ ಇಲ್ಲ.

1993ರಲ್ಲಿ ಸೈನ್ ಮಾಡಿದ್ರು, ವಾರ್ನರ್ ಕಡೆಯ ರಿಪ್ರೈಸ್ ಲೇಬಲ್ಲಿಗೆ. ಇಲ್ಲಿ ಗಮನಿಸ್ಬೇಕಾದ್ದು ಅವ್ರು ದುಡ್ಡು ನೋಡೋಕಿಂತ ಮುಂಚೆ ಮನುಷ್ಯನ್ನ ನೋಡಿದ್ರು. ಆ ಕಡೆಯಿಂದ ಬಂದ ಪ್ರೊಡ್ಯೂಸರ್, ಅಂದ್ರೆ ರೆಕಾರ್ಡಿಂಗ್ ಹೇಗೆ ಬರ್ಬೇಕು ಅಂತ ನೋಡ್ಕೊಳೋನು, ವಯಸ್ಸಲ್ಲಿ ಇನ್ನೂ ಚಿಕ್ಕವನೇ, ಗಿಟಾರ್ ಹಿಡ್ಕೊಂಡು ಇವರ ಜೊತೆ ಕೂತು ಬಾರಿಸಿದ, ಇವ್ರಿಗೆ ಅದು ಹಿಡಿಸ್ತು. ಈ ಪ್ರೊಡ್ಯೂಸರ್ ಕತೆಗೆ ಮತ್ತೆ ಬರ್ತಾನೆ, ಅದೂ ಸರಿಯಾದ ಟೈಮಿಗೆ.

ರೆಕಾರ್ಡಿಂಗ್ ಮಾಡಿದ್ದು ಬರ್ಕ್ಲಿಯ ಫ್ಯಾಂಟಸಿ ಸ್ಟುಡಿಯೋಸಲ್ಲಿ, ಮೂರು ವಾರದೊಳಗೆ. ದನಿ, ವಾದ್ಯ ಎಲ್ಲಾ ಹದವಾಗಿ ಸೇರ್ಸಿದ ಮೊದಲ ಮಿಕ್ಸ್ ಕೇಳಿ ಇದು ನಾವಲ್ಲ ಅನ್ನಿಸ್ತು, ಇನ್ನೊಂದ್ಸಲ ಮಿಕ್ಸ್ ಮಾಡ್ಸಿದ್ರು. ದೊಡ್ಡ ಕಂಪನಿ ಕಾಸು ಬಂದ್ಮೇಲೆ ಹೊಸಬ್ರು ಸಾಮಾನ್ಯವಾಗಿ ಏನ್ಮಾಡ್ತಾರೆ, ಕೀಬೋರ್ಡು ವಯಲಿನ್ನು ಎಲ್ಲಾ ತುಂಬ್ತಾರೆ. ಇವ್ರು ಹಳೇ ಹಾಡಿನ ರೀತಿನೇ ಇಟ್ಕೊಂಡು ಬರೀ ಧೂಳು ಒರೆಸಿದ್ರು. ಗಿಟಾರ್ ದಪ್ಪ ಆಯ್ತು, ಬೇಸ್ ಮುಂದೆ ಬಂತು, ಒಂದು ಹಾಡಲ್ಲಂತೂ ಇಡೀ ಚರಣ ಬರೀ ಬೇಸ್ ಮತ್ತೆ ಡ್ರಮ್ ಮೇಲೆ ನಡ್ಯತ್ತೆ, ಗಿಟಾರ್ ಕೈ ಕಟ್ಕೊಂಡು ಕಾಯ್ತಿರತ್ತೆ. ಆ ಬೇಸ್ ಲೈನ್ ಹುಟ್ಟಿದ್ದು ಅವನು ಎಲ್‌ಎಸ್‌ಡಿ ತಗೊಂಡು ಗೋಡೆಗೆ ಒರಗಿ ಕೂತಿದ್ದಾಗ ಅಂತ ಅವ್ರೇ ಹೇಳ್ಕೊಂಡಿದಾರೆ, ನಮ್ಮ ಬ್ಯಾಂಡಲ್ಲಿ ಅದನ್ನ ಬಾರಿಸೋಕೆ ನಾನು ಬರೀ ಫಿಲ್ಟರ್ ಕಾಫಿ ಕುಡ್ಕೊಂಡು ಎರಡು ತಿಂಗಳು ಒದ್ದಾಡಿದೀನಿ.

ಏನಾಯ್ತು, ಮೊದಲ ಸುತ್ತು

1994 ಫೆಬ್ರವರಿಲಿ ಆಲ್ಬಂ ಬಂತು, ಒಟ್ಟು 40 ನಿಮಿಷಾನೂ ಇಲ್ಲ. ಆಗಸ್ಟಲ್ಲಿ ವುಡ್‌ಸ್ಟಾಕ್ 94 ಅನ್ನೋ ದೊಡ್ಡ ಸಂಗೀತ ಉತ್ಸವ, ಮಳೆ, ಜನ ಕೆಸರು ಎತ್ತಿ ಎಸೆದ್ರು, ಇವ್ರೂ ಸ್ಟೇಜಿಂದ ವಾಪಸ್ ಎಸೆದ್ರು, ಗಲಾಟೆಲಿ ಸೆಕ್ಯೂರಿಟಿಯೋರು ಬೇಸ್‌ನವನ್ನ ಯಾರೋ ಅಭಿಮಾನಿ ಸ್ಟೇಜ್ ಹತ್ತಿದಾನೆ ಅಂದ್ಕೊಂಡು ಕೆಡವಿ ಹಲ್ಲು ಮುರಿದ್ರು. ಸೆಪ್ಟೆಂಬರಲ್ಲಿ ಬಾಸ್ಟನ್ನಿನ ಹ್ಯಾಚ್ ಶೆಲ್ ಮೈದಾನದಲ್ಲಿ ಫ್ರೀ ಶೋ, ಅರವತ್ತು ಸಾವಿರಕ್ಕೂ ಮೇಲೆ ಜನ, ಕೆಲವೇ ಹಾಡಿಗೆ ಶೋ ನಿಲ್ಲಿಸ್ಬೇಕಾಯ್ತು, ಗಲಭೆ. ಮುಂದಿನ ವರ್ಷ ಗ್ರ್ಯಾಮಿ. 1999ರ ಹೊತ್ತಿಗೆ ಅಮೆರಿಕಾ ಒಂದರಲ್ಲೇ ಒಂದು ಕೋಟಿ ಪ್ರತಿ.

ಇತ್ತ ಗಿಲ್ಮನ್‌ನಲ್ಲಿ ಟಾಯ್ಲೆಟ್ ಗೋಡೆ ಮೇಲೆ ಹಾಡುಗಾರನ ಹೆಸ್ರು ಬರೆದು ಇವನು ಸಾಯ್ಬೇಕು ಅಂತ ಗೀಚಿದ್ರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಇವ್ರು ಹೊರಟ್ರು ಅನ್ನೋದು ಅಲ್ಲಿಯವರ ಸಿಟ್ಟು. ನಂಗೆ ಎರಡೂ ಕಡೆಯೋರು ಸರಿ ಅನ್ಸತ್ತೆ, ನಿಜವಾಗ್ಲೂ. ಆ ರೂಲ್ಸು ಇಲ್ದಿದ್ರೆ ಆ ಜಾಗ ಎರಡೇ ವರ್ಷದಲ್ಲಿ ಕಂಪನಿಯೋರ ಆಡಿಷನ್ ಹಾಲ್ ಆಗ್ತಿತ್ತು, ಇವ್ರು ಅಲ್ಲೇ ಇದ್ದಿದ್ರೆ ಜಗಳ ಆಡ್ಕೊಂಡು ಒಡೆದು ಹೋಗ್ತಿದ್ರು.

ಮುಂದಿನ ಆಲ್ಬಂ 1995. ಇಲ್ಲಿ ಒಂದು ತಪ್ಪು, ನಾನು ತಪ್ಪು ಅಂತಲೇ ಕರೀತೀನಿ, ಆದ್ರೆ ಆಲ್ಬಂ ನಂಗೆ ತುಂಬಾ ಇಷ್ಟ, ಅದು ಬೇರೆ ವಿಷ್ಯ. ನಾವಿನ್ನೂ ಪಂಕೇ ಅಂತ ತೋರ್ಸಕ್ಕೆ ಹೋಗಿ ಇನ್ನೂ ಸ್ಪೀಡು, ಇನ್ನೂ ಕಪ್ಪು, ನಗು ಪೂರ್ತಿ ಕಟ್. ಅದರಲ್ಲೊಂದು ಹಾಡು ನೇರವಾಗಿ ಗಿಲ್ಮನ್ ಬಗ್ಗೆನೇ, ಇಲ್ಲಿಗೆ ವಾಪಸ್ ಬರ್ಬೇಡ ಅನ್ನೋ ಮಾತಿನ ಸುತ್ತ. ಅಂದ್ರೆ ಆಲ್ಬಂ ಬರೆದಿದ್ದು ಮನೇಲಿ ಕೂತು ಕೇಳೋರಿಗಲ್ಲ, ಬಾಗಿಲು ಹಾಕ್ಕೊಂಡಿದ್ದ ಆ ಇನ್ನೂರು ಮುನ್ನೂರು ಜನಕ್ಕೆ. ಅವ್ರು ಕೇಳಲೂ ಇಲ್ಲ, ಒಪ್ಪಲೂ ಇಲ್ಲ. ಮಾರಾಟ ಹಿಂದಿನದಕ್ಕೆ ಹೋಲಿಸಿದ್ರೆ ಎಷ್ಟೋ ಕಮ್ಮಿ. 1996ರಲ್ಲಿ ಸುಸ್ತಾಗಿ ಯೂರೋಪ್ ಟೂರ್ ಅರ್ಧಕ್ಕೆ ಬಿಟ್ಟು ಮನೆಗೆ ಬಂದ್ರು. ಅಷ್ಟರಲ್ಲಿ ಹಾಡುಗಾರನಿಗೂ ಡ್ರಮ್ಮರಿಗೂ ಮಕ್ಕಳಾಗಿದ್ವು.

ಏನೇನು ಪ್ರಯತ್ನ ಮಾಡಿದ್ರು

1997ರ ಆಲ್ಬಮ್ಮಲ್ಲಿ 18 ಹಾಡು, ಒಂದರಲ್ಲಿ ಟ್ರಂಪೆಟ್ಟು, ಒಂದು ಬರೀ ವಾದ್ಯದ ಸರ್ಫ್ ಟ್ಯೂನು, ಎಲ್ಲಾ ಕಿಟಕಿ ತೆಗೆದು ಗಾಳಿ ಬಿಟ್ಟ ಹಾಗೆ. ಆದ್ರೆ ಜನ ಹಿಡ್ಕೊಂಡಿದ್ದು ಕೊನೆ ಹತ್ರ ಇರೋ ಒಂದು ಹಾಡು, ಬರೀ ಅಕೂಸ್ಟಿಕ್ ಗಿಟಾರು, ಹಿಂದೆ ವಯಲಿನ್ನುಗಳು, ಡ್ರಮ್ಮೇ ಇಲ್ಲ. ದೇಶ ಬಿಟ್ಟು ಹೊರಟ ಹುಡುಗಿ ಮೇಲೆ ಸಿಟ್ಟಲ್ಲಿ ಬರೆದ ಹಾಡು, ಜನ ಅದನ್ನ ಸ್ಕೂಲು ಕಾಲೇಜು ಬೀಳ್ಕೊಡುಗೆಗೆ ಹಾಕ್ಕೊಂಡು ಅಳೋಕೆ ಶುರು ಮಾಡಿದ್ರು, 1998ರಲ್ಲಿ ಅಮೆರಿಕಾದ ಭಾರಿ ಫೇಮಸ್ ಟಿವಿ ಕಾಮಿಡಿ ಸೀರಿಯಲ್ ಮುಗಿಯೋವಾಗ ಹಳೇ ದೃಶ್ಯಗಳ ಮೇಲೆ ಇದನ್ನೇ ಹಾಕಿದ್ರು. ಪಂಕ್ ಬ್ಯಾಂಡಿಗೆ ಎಂಥಾ ಗತಿ ಅಂತ ನಗ್ಬಹುದು, ಆದ್ರೆ ನಾನು ಈ ಕೇಸಲ್ಲಿ ಇದನ್ನ ಸ್ವಲ್ಪ ನಿಂತು ನೋಡ್ತೀನಿ. ಯಾಕಂದ್ರೆ ಇದು ಹೊಸ ಹಾಡೇ ಅಲ್ಲ. 94ರ ಆಲ್ಬಮ್ಮಿಗಿಂತ ಮುಂಚೆ ಬರೆದಿದ್ದು. ಆ ಆಲ್ಬಮ್ಮಿಗೆ ಹಾಕೋಣ್ವಾ ಅಂತ ನೋಡಿ, ಬೇರೆ ಹಾಡುಗಳ ಜೊತೆ ಕೂರಲ್ಲ ಅಂತ ಪಕ್ಕಕ್ಕಿಟ್ಟಿದ್ರು. ಎಸೀಲಿಲ್ಲ, ಡಿಸ್ಟಾರ್ಷನ್ ಹಾಕಿ ಸ್ಪೀಡ್ ಮಾಡಿ ಬಲವಂತವಾಗಿ ತುರುಕ್ಲೂ ಇಲ್ಲ, ಇಟ್ಕೊಂಡು ಕಾದ್ರು. ಸೌಂಡ್ ಬದಲಾಯ್ತು ಅಂತ ಊರೆಲ್ಲ ಅಂದಾಗ ಅವ್ರು ಹಾಡ್ತಿದ್ದಿದ್ದು ಹಳೇ ನೋಟ್‌ಬುಕ್ಕಿನ ಹಾಡು. ನಮ್ಮ ಬ್ಯಾಂಡಲ್ಲಿ ಹೊಂದಿಕೆ ಆಗದ ಹಾಡುಗಳನ್ನ ನಾವು ಜಗಳ ಆಡಿ ಕೊಂದ್ಹಾಕಿದ್ವಿ, ಬರೆದವನು ಮುನಿಸ್ಕೊಂಡು ಎರಡು ವಾರ ಪ್ರಾಕ್ಟೀಸಿಗೆ ಬರ್ತಿರ್ಲಿಲ್ಲ.

ಆಮೇಲೆ 2000. ತಾವೇ ಪ್ರೊಡ್ಯೂಸ್ ಮಾಡ್ಕೊಂಡ್ರು, ಹಳೇ ಪ್ರೊಡ್ಯೂಸರ್ ದೂರದಿಂದ ಮೇಲ್ವಿಚಾರಣೆ ಅಷ್ಟೇ. ಅಕೂಸ್ಟಿಕ್ ಗಿಟಾರ್ ಜಾಸ್ತಿ, ಮೌತ್ ಆರ್ಗನ್, ಅರವತ್ತರ ದಶಕದ ಬ್ರಿಟಿಷ್ ಪಾಪಿನ ವಾಸನೆ. ಹಾಡುಗಳು ಚೆನ್ನಾಗಿವೆ, ಬರವಣಿಗೆ ಬಲಿತಿದೆ, ಆದ್ರೆ ಐದು ಲಕ್ಷದ ಗೋಲ್ಡ್ ಸರ್ಟಿಫಿಕೇಟಿಗೇ ನಿಂತ್ಕೊಂಡ್ತು, ದೊಡ್ಡ ಲೇಬಲ್ಲಿಗೆ ಹೋದ್ಮೇಲೆ ಹತ್ತು ಲಕ್ಷ ಮುಟ್ಟದ ಮೊದಲ ಆಲ್ಬಂ. ಅದೇ ಟೈಮಲ್ಲಿ ಇವ್ರು ಹಾಕಿದ ದಾರೀಲೇ ಬಂದ ಸ್ಯಾನ್ ಡಿಯೇಗೋ ಕಡೆಯ ಇನ್ನೊಂದು ಮೂವರ ಬ್ಯಾಂಡು ಟಿವಿ ತುಂಬಾ ಓಡಾಡ್ತಿತ್ತು. 2002ರಲ್ಲಿ ಇಬ್ರೂ ಸೇರಿ ಟೂರ್, ಹೆಸರಿಗೆ ಇಬ್ರೂ ಸಮ, ಆದ್ರೆ ಮೊದ್ಲು ಇವ್ರು ಹಾಡಿ ಇಳೀಬೇಕು, ಕೊನೇಲಿ ಸ್ಟೇಜ್ ಆ ಬ್ಯಾಂಡಿನದ್ದು. ಹಿಟ್ ಹಾಡುಗಳ ಕಲೆಕ್ಷನ್ ಸಿಡಿ ಆಗ್ಲೇ 2001ರಲ್ಲಿ ಬಂದಾಗಿತ್ತು, ಅದು ಬಂತು ಅಂದ್ರೆ ಏನರ್ಥ ಅಂತ ಎಲ್ರಿಗೂ ಗೊತ್ತು, ರಿಟೈರ್ಮೆಂಟಿಗೆ ಮುಂಚೆ ಹೊದ್ದಿಸೋ ಶಾಲು.

ಒಳಗೂ ಸರಿ ಇರ್ಲಿಲ್ಲ. ಇಪ್ಪತ್ತು ವರ್ಷದ ಸ್ನೇಹ, ಯಾರು ಯಾರಿಗೂ ಏನೂ ಬಾಯ್ಬಿಟ್ಟು ಹೇಳದ ಸ್ಥಿತಿ. ಆಗ ಅವ್ರು ಮಾಡಿದ ಕೆಲಸ ಸಂಗೀತಕ್ಕೆ ಸಂಬಂಧಪಟ್ಟಿದ್ದೇ ಅಲ್ಲ, ವಾರಕ್ಕೊಂದ್ಸಲ ಮೂರೂ ಜನ ಕೂತು ಬರೀ ಮಾತಾಡೋದು, ಯಾರಿಗೆ ಏನು ನೋವು, ಯಾರನ್ನ ಯಾರು ಕೀಳಾಗಿ ನೋಡ್ತಿದಾರೆ ಅಂತ. ಗಂಡಸರು ಮೂರು ಜನ ಹೀಗೆ ಕೂರೋದು ಎಷ್ಟು ಕಷ್ಟ ಅಂತ ಬ್ಯಾಂಡಲ್ಲಿ ಇದ್ದೋರಿಗೆ ಗೊತ್ತಿರತ್ತೆ. ಅದೇ ಟೈಮಲ್ಲಿ ಮುಖವಾಡ ಹಾಕ್ಕೊಂಡು ಬೇರೆ ಹೆಸ್ರಲ್ಲಿ ಒಂದು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡು) ಬ್ಯಾಂಡ್ ಕೂಡ ಮಾಡಿದ್ರು 2003ರಲ್ಲಿ, ನಾವಲ್ಲ ನಾವಲ್ಲ ಅಂತ ವಾದ ಬೇರೆ. ತಮಾಷೆ ಅಂತ ಎಲ್ರೂ ಅಂದ್ರು, ನಂಗನ್ನಿಸೋದು ಹೆಸ್ರಿನ ಭಾರ ಇಳಿಸಿ ಸ್ವಲ್ಪ ಉಸಿರಾಡಿದ್ರು ಅಂತ.

ತಿರುವು

ಈಗ ಕೇಸಿನ ನಡುಮಧ್ಯ. 2003ರಲ್ಲಿ ಹೊಸ ಆಲ್ಬಂ ಹೆಚ್ಚುಕಮ್ಮಿ ರೆಡಿ, ಸುಮಾರು ಇಪ್ಪತ್ತು ಹಾಡು, ಮತ್ತೆ ಹಳೇ ಸ್ಪೀಡು, ಹಳೇ ಗಿಟಾರು. 2000ರದ್ದು ಓಡ್ಲಿಲ್ಲ, ಸರಿ ಹಳೇದಕ್ಕೇ ಹೋಗೋಣ ಅನ್ನೋ ಲೆಕ್ಕ. ಆಗ ಓಕ್‌ಲ್ಯಾಂಡಿನ ಸ್ಟುಡಿಯೋಯಿಂದ ಮಾಸ್ಟರ್ ಟೇಪುಗಳು, ಅಂದ್ರೆ ಮೂಲ ರೆಕಾರ್ಡಿಂಗೇ, ಕಳುವಾದ್ವು. ನಿಜವಾಗ್ಲೂ ಕಳುವಾಯ್ತಾ ಇಲ್ಲ ಕತೆ ಕಟ್ಟಿದ್ರಾ ಅಂತ ಇವತ್ತಿಗೂ ಕೆಲವರು ಅನುಮಾನ ಪಡ್ತಾರೆ, ನಾನು ಅದರ ತಂಟೆಗೆ ಹೋಗಲ್ಲ, ಯಾಕಂದ್ರೆ ಕೇಸಿಗೆ ಅದು ಮುಖ್ಯ ಅಲ್ಲ. ಹಾಡುಗಳು ಮೂರೂ ಜನರ ಕೈಯಲ್ಲಿ ತಲೆಯಲ್ಲಿ ಇದ್ವು, ಒಂದೆರಡು ತಿಂಗಳು ಕೂತಿದ್ರೆ ಮತ್ತೆ ರೆಕಾರ್ಡ್ ಮಾಡ್ಬಹುದಿತ್ತು. ಎದುರಿಗಿದ್ದ ನಿಜವಾದ ಪ್ರಶ್ನೆ ಅದು, ಮತ್ತೆ ಮಾಡೋದಾ ಬಿಡೋದಾ.

ಇಲ್ಲಿ ಹಳೇ ಪ್ರೊಡ್ಯೂಸರ್ ಬರ್ತಾನೆ. ಅವನು ಕೇಳಿದ್ದು ಒಂದೇ ಪ್ರಶ್ನೆ, ಕಳೆದುಹೋಗಿದ್ದು ನಿಮ್ಮ ಕೈಲಾಗೋ ಅತ್ಯುತ್ತಮ ಕೆಲಸಾನಾ? ಮೂವರೂ ಎದೆ ಮುಟ್ಕೊಂಡು ಹೌದು ಅನ್ನಕ್ಕಾಗ್ಲಿಲ್ಲ. ಬಿಟ್ರು. ಮೂರು ಜನರ ಮನಸ್ಸು ವಾರವಾರದ ಆ ಮಾತುಕತೆಗಳಿಂದ ಆಗ್ಲೇ ಹದ ಆಗಿರ್ಲಿಲ್ಲ ಅಂದಿದ್ರೆ ಈ ಪ್ರಶ್ನೆ ಕೇಳಿದ ತಕ್ಷಣ ಒಬ್ಬ "ನನ್ನ ಹಾಡು ಚೆನ್ನಾಗೇ ಇತ್ತು" ಅಂತ ಎದ್ದು ಹೋಗ್ತಿದ್ದ ಅನ್ನೋದು ನನ್ನ ಅಂದಾಜು.

ಆಮೇಲೆ ಏನ್ ಬರೀಬೇಕು ಅಂತ ಗೊತ್ತಿಲ್ದೆ ಕೂತಿದ್ದಾಗ ಒಂದಿನ ಬೇಸ್‌ನವನು ಒಬ್ನೇ ಸ್ಟುಡಿಯೋದಲ್ಲಿದ್ದ, ಟೈಂ ಪಾಸಿಗೆ 30 ಸೆಕೆಂಡಿನ ಒಂದು ಹಾಡು ಮಾಡಿದ, ಹಳೇ ನಾಟಕದ ಕಂಪನಿ ಸ್ಟೈಲಲ್ಲಿ ಗೋಳಾಡೋ ತಮಾಷೆ ಹಾಡು. ಹಾಡುಗಾರ ಬಂದು ಕೇಳಿ ಅದರ ಬಾಲಕ್ಕೆ ತಾನೊಂದು 30 ಸೆಕೆಂಡ್ ಜೋಡಿಸಿದ, ಡ್ರಮ್ಮರ್ ಬಂದು ತನ್ನದೊಂದು ಹಾಕಿದ, ಮತ್ತೆ ಬೇಸ್‌ನವನು. ಅಂತ್ಯಾಕ್ಷರಿ ಥರ ಆಯ್ತು ನೋಡಿ, ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ. ನೋಡ್ತಾ ನೋಡ್ತಾ ಆ ತುಂಡುಗಳೆಲ್ಲ ಸೇರಿ ಒಂಬತ್ತು ನಿಮಿಷದ ಒಂದು ಹಾಡಾಯ್ತು, ಹಂಗಾದ್ರೆ ಹೀಗೆ ಇನ್ನೊಂದು ಮಾಡೋಣ ಅಂತ ಇನ್ನೊಂದು, ಹಂಗಾದ್ರೆ ಇದರಲ್ಲಿ ಒಂದು ಕತೆ ಹೇಳ್ಬಹುದಲ್ಲ ಅಂತ ಉಪನಗರದ ಒಬ್ಬ ಹುಡುಗ, ಮನೆ ಬಿಟ್ಟು ದೊಡ್ಡ ಸಿಟಿಗೆ ಹೋಗಿ, ಸೋತು, ವಾಪಸ್ ಬರೋ ಕತೆ. ಹೊರಗೆ ಇರಾಕ್ ಯುದ್ಧ, ಟಿವಿಯಲ್ಲಿ 24 ಗಂಟೆ ಅದೇ, ಆ ಸಿಟ್ಟೂ ಒಳಗೆ ಬಂತು.

ಸೌಂಡ್ ದೃಷ್ಟಿಯಿಂದ ಇದೇನು ಅಂದ್ರೆ, ಹದಿನೇಳು ವರ್ಷದಿಂದ ಬಾರಿಸ್ತಿದ್ದ ಎರಡು-ಮೂರು ನಿಮಿಷದ ಪಂಕ್ ಹಾಡನ್ನ ಅವ್ರು ಬಿಡ್ಲೇ ಇಲ್ಲ, ಸಾಲಾಗಿ ಜೋಡಿಸಿದ್ರು ಅಷ್ಟೇ. ದೊಡ್ಡ ಹಾಡು ಬರೀಬೇಕು ಅಂತ ಕೂತು ಬರೆದಿದ್ದಲ್ಲ, ಸಣ್ಣ ಹಾಡು ಬರೆಯೋ ಕೈಗಳು ಆಟ ಆಡ್ತಾ ದೊಡ್ಡದು ಕಟ್ಟಿದ್ದು. 1997ರ ಅಕೂಸ್ಟಿಕ್ಕು, 2000ರಲ್ಲಿ ಯಾರೂ ಕೇಳದೇ ಹೋದ ಆ ಬಲಿತ ಬರವಣಿಗೆ, ಎಲ್ಲಾ ಇಲ್ಲಿ ಕೆಲಸಕ್ಕೆ ಬಂತು. ಸೋತ ಆಲ್ಬಂ ಅಂತ ಕರೆದಿದ್ದು ಪ್ರಾಕ್ಟೀಸ್ ಆಗಿತ್ತು ಅಂತ ಈಗ ಹಿಂದೆ ನೋಡಿದ್ರೆ ಗೊತ್ತಾಗತ್ತೆ, ಆಗ ಅವ್ರಿಗೆ ಗೊತ್ತಿರ್ಲಿಲ್ಲ ಪಾಪ.

ಏನಾಯ್ತು, ಎರಡನೇ ಸುತ್ತು

2004 ಸೆಪ್ಟೆಂಬರಲ್ಲಿ ಬಂತು, ಅಮೆರಿಕಾದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ, ಅವರ ಜೀವನದಲ್ಲೇ ಮೊದಲ ಸಲ. ಗ್ರ್ಯಾಮಿಯಲ್ಲಿ ಅತ್ಯುತ್ತಮ ರಾಕ್ ಆಲ್ಬಂ, ಮುಂದಿನ ವರ್ಷ ಅದರದ್ದೇ ಒಂದು ಹಾಡಿಗೆ ವರ್ಷದ ರೆಕಾರ್ಡ್ ಪ್ರಶಸ್ತಿ. 2005ರ ಜೂನಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಮೈದಾನದಲ್ಲಿ ಎರಡು ದಿನಕ್ಕೆ ಒಟ್ಟು 1,30,000 ಜನ. 2009ರಲ್ಲಿ ಬರ್ಕ್ಲಿಯ ರೆಪರ್ಟರಿ ಥಿಯೇಟರಲ್ಲಿ ಅದೇ ಆಲ್ಬಂ ನಾಟಕ ಆಯ್ತು, 2010ರಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕರಂಗ ಬ್ರಾಡ್‌ವೇಗೆ ಹೋಯ್ತು. ಮೊದ್ಲು ಶುರುವಾಗಿದ್ದು ಗಿಲ್ಮನ್ ಇರೋ ಊರಲ್ಲೇ, ಮೆತ್ತನೆ ಸೀಟಿನ ಥಿಯೇಟರಲ್ಲಿ. ನಾವಂತೂ ಅದನ್ನ ಕೇಳಿದ್ದು ಹಾಸ್ಟೆಲಲ್ಲಿ, ಯಾರೋ ಬರ್ನ್ ಮಾಡಿ ಕೊಟ್ಟ ಸಿಡಿಯಲ್ಲಿ, ಸ್ಕೆಚ್ ಪೆನ್ನಲ್ಲಿ ಹೆಸ್ರು ತಪ್ಪಾಗಿ ಬರೆದಿದ್ದು, ಆಗಿನ ಅಮೆರಿಕಾ ಅಧ್ಯಕ್ಷ ಬುಷ್ ಯಾರು ಎತ್ತ ಅಂತ ಸರಿಯಾಗಿ ಗೊತ್ತಿಲ್ದೇ ಗಂಟ್ಲು ಹರ್ಕೊಂಡು ಹಾಡ್ತಿದ್ವಿ.

ಇದರ ಮಧ್ಯೆ ಇನ್ನೊಂದು ತೀರ್ಮಾನ, ಸಣ್ಣದು ಅನ್ಸಬಹುದು. ಮೊದಲೆರಡು ಆಲ್ಬಂ ಹಾಕಿದ್ದ ಆ ಹಳೇ ಸಣ್ಣ ಲೇಬಲ್ಲಿಂದ ರಾಯಲ್ಟಿ ದುಡ್ಡು ಬಾಕಿ ಉಳೀತಾ ಬಂದಿತ್ತು, 2005ರಲ್ಲಿ ಆ ಆಲ್ಬಂಗಳನ್ನ ವಾಪಸ್ ತಗೊಂಡ್ರು. ದೊಡ್ಡ ಕಂಪನಿಗೆ ಹೋದ್ಮೇಲೂ ಹನ್ನೆರಡು ವರ್ಷ ಹಳೇದನ್ನ ಅಲ್ಲೇ ಬಿಟ್ಟಿದ್ರು ಅನ್ನೋದನ್ನ ದ್ರೋಹಿಗಳು ಅನ್ನೋರು ಹೇಳಲ್ಲ.

ಆಮೇಲಿಂದು ಬೇಗ ಹೇಳ್ಬಿಡ್ತೀನಿ, ಯಾಕಂದ್ರೆ ಅಲ್ಲಿ ಆ ಪ್ರಶ್ನೆ ಕೇಳೋರೇ ಇರ್ಲಿಲ್ಲ ಅನ್ನೋದೇ ವಿಷ್ಯ. 2009ರಲ್ಲಿ ಬೇರೆ ಪ್ರೊಡ್ಯೂಸರ್, ಮತ್ತೆ ಕತೆ, ಮತ್ತೆ ಮೂರು ಅಂಕ, ಮತ್ತೆ ಗ್ರ್ಯಾಮಿ. ಕೇಳೋಕೆ ಭರ್ಜರಿ, ಆದ್ರೆ ಈ ಸಲ ದೊಡ್ಡದು ಮಾಡ್ಬೇಕು ಅಂತ್ಲೇ ಕೂತು ಮಾಡಿದ್ದು ಅಂತ ನಂಗೆ ಕೇಳ್ಸತ್ತೆ. 2012ರಲ್ಲಿ ಅದಕ್ಕೆ ಉಲ್ಟಾ, ಬರೆದಿದ್ದನ್ನೆಲ್ಲ ಹಾಕ್ತೀವಿ ಅಂತ ಮೂರು ತಿಂಗಳಲ್ಲಿ ಮೂರು ಆಲ್ಬಂ. ಹಳೇ ಪ್ರೊಡ್ಯೂಸರ್ ವಾಪಸ್ ಬಂದಿದ್ದ, ಆದ್ರೂ ಮೂವತ್ತೇಳು ಹಾಡಲ್ಲಿ ಹದಿಮೂರು ಆರಿಸೋಣ ಅಂತ ಯಾರೂ ಅನ್ನಲಿಲ್ಲ. ಮೊದಲ ಆಲ್ಬಂ ಬರೋ ವಾರವೇ ಲಾಸ್ ವೇಗಸ್ಸಿನ ಒಂದು ಶೋಲಿ ಟೈಂ ಮುಗೀತು ಅಂತ ಬೋರ್ಡ್ ತೋರ್ಸಿದ್ದಕ್ಕೆ ಹಾಡುಗಾರ ಸಿಟ್ಟಾಗಿ ಗಿಟಾರ್ ಒಡೆದ, ಅದು ಪಂಕ್ ಸಿಟ್ಟು ಅಂತ ಮೊದ್ಲು ಜನ ಚಪ್ಪಾಳೆ ಹೊಡೆದ್ರು, ಆಮೇಲೆ ಕುಡಿತ ಮತ್ತೆ ಮಾತ್ರೆ ಚಟಕ್ಕೆ ಚಿಕಿತ್ಸೆಗೆ ಸೇರ್ಕೊಂಡ ಅಂತ ಸುದ್ದಿ ಬಂತು. ಟೂರ್ ಮುಂದಕ್ಕೆ ಹೋಯ್ತು. 2020ರಲ್ಲಿ ಅರ್ಧ ಗಂಟೆಗಿಂತ ಕಮ್ಮಿಯ ಒಂದು ಆಲ್ಬಂ, ಕಳ್ಳದನಿಯಲ್ಲಿ ಹಾಡಿ ಗ್ಯಾರೇಜ್ ರಾಕಿನ ಪ್ರಯೋಗ, ಅಭಿಮಾನಿಗಳೇ ಮುಖ ಸಿಂಡರಿಸಿದ್ರು. 2024 ಜನವರಿಯದ್ದು ಮತ್ತೆ ಆ ಹಳೇ ಪ್ರೊಡ್ಯೂಸರ್ ಜೊತೆ, ಕೇಳಿದ ತಕ್ಷಣ ಮನೆಗೆ ಬಂದ ಹಾಗಿದೆ. ಆ ವರ್ಷದ ಟೂರಲ್ಲಿ 94ರ ಆಲ್ಬಂ ಪೂರ್ತಿ, 2004ರದ್ದು ಪೂರ್ತಿ, ಎರಡನ್ನೂ ಒಂದೇ ರಾತ್ರಿ ಬಾರಿಸಿದ್ರು. 2025ರ ಮಾರ್ಚಲ್ಲಿ ಮುಂಬೈಗೂ ಬಂದ್ರು, ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ, ಬೆಂಗಳೂರಿಂದ ನನ್ನ ಹಾಸ್ಟೆಲ್ ಗೆಳೆಯ ಒಬ್ಬ ನಲವತ್ತರ ವಯಸ್ಸಲ್ಲಿ ಸ್ಲೀಪರ್ ಬಸ್ ಹತ್ಕೊಂಡು ಹೋದ, ವಾಪಸ್ ಬಂದು ಮೂರು ದಿನ ಧ್ವನಿ ಇರ್ಲಿಲ್ಲ ಅವನಿಗೆ.

ಇದರಲ್ಲಿ ಕಲಿಯೋಕೇನಿದೆ

ಬ್ಯಾಂಡ್ ಮಾಡ್ತಿರೋ ಹುಡುಗರು ನನ್ನ ಹತ್ರ ಕೇಳೋದು ಸೌಂಡ್ ಬದಲಾಯಿಸ್ಬೇಕಾ ಬೇಡ್ವಾ ಅಂತ. ಈ ಕೇಸ್ ನೋಡಿದ್ರೆ ಪ್ರಶ್ನೆನೇ ತಪ್ಪು ಅನ್ಸತ್ತೆ. ಇವ್ರು ಬದಲಾಯಿಸ್ತೀವಿ ಅಂತ ಹೊರಟಾಗ, ಅಥವಾ ನಾವು ಬದಲಾಗಿಲ್ಲ ಅಂತ ತೋರ್ಸೋಕೆ ಹೊರಟಾಗ, ಎರಡೂ ಸಲ ಯಾರದ್ದೋ ಮುಖ ನೋಡ್ಕೊಂಡು ಬಾರಿಸಿದ್ರು, 1995ರಲ್ಲಿ ಗಿಲ್ಮನ್ ಮುಖ, 2009ರಲ್ಲಿ 2004ರ ತಮ್ಮದೇ ಮುಖ. ಕೆಲಸ ಆಗಿದ್ದು ಹಿಂದಕ್ಕೆ ಹೋಗೋ ದಾರಿ ಇಲ್ದಿದ್ದಾಗ. 1993ರಲ್ಲಿ ಬಾಗಿಲು ಹೊರಗಿನೋರು ಮುಚ್ಚಿದ್ರು. 2003ರಲ್ಲಿ ಟೇಪ್ ಹೋದ್ರೂ ಬಾಗಿಲು ತೆರೆದೇ ಇತ್ತು, ಅದನ್ನ ಇವರೇ ಎಳೆದು ಮುಚ್ಚಿದ್ರು, ನಂಗೆ ಆ ಎರಡನೇದು ದೊಡ್ಡದು ಅನ್ಸತ್ತೆ.

ಮತ್ತೆ ಪ್ರಶ್ನೆ ಕೇಳಿದವನು ಯಾರು ಅನ್ನೋದು. ಅಭಿಮಾನಿ ಅಲ್ಲ, ಕಂಪನಿ ಮ್ಯಾನೇಜರ್ ಅಲ್ಲ, ಹತ್ತು ವರ್ಷ ಜೊತೆಗಿದ್ದು ಅವರ ಒಳ್ಳೇದು ಕೆಟ್ಟದು ಎರಡೂ ಕೇಳಿದ್ದ ಒಬ್ಬ. ಅಂಥವನು ಇದ್ದೂ ಅವತ್ತು ಬಾಯಿ ಬಿಡ್ಲಿಲ್ಲ ಅಂದ್ರೆ ಏನಾಗತ್ತೆ ಅನ್ನೋಕೆ 2012 ಇದೆ. ನಮ್ಮ ಬ್ಯಾಂಡಲ್ಲಿ ಅಂಥ ಒಬ್ಬ ಇದ್ದ, ನಮ್ಮ ಸೌಂಡ್ ನೋಡ್ಕೊಳ್ತಿದ್ದ ಹುಡುಗ, ಒಂದಿನ ಡೆಮೊ ಕೇಳಿ "ಇದು ನಿಮ್ಗೇ ಇಷ್ಟ ಆಗಿದ್ಯಾ" ಅಂದ, ನಾವು ಅವನ್ನ ಮುಂದಿನ ಗಿಗ್ಗಿಗೆ ಕರೀಲಿಲ್ಲ.

ಗಿಲ್ಮನ್ ವಿಷ್ಯ ಬಾಕಿ ಇತ್ತು. 2015ರ ಏಪ್ರಿಲಲ್ಲಿ ಇವರನ್ನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸ್ಕೊಂಡ್ರು, ಮುಂದಿನ ತಿಂಗಳೇ ಗಿಲ್ಮನ್ ಸ್ಟೇಜ್ ಮೇಲೆ ಇದ್ರು, ಇಪ್ಪತ್ತೊಂದು-ಇಪ್ಪತ್ತೆರಡು ವರ್ಷದ ಮೇಲೆ, ಸಹಾಯಾರ್ಥ ಶೋ. ರೂಲ್ಸು ಇದ್ದ ಜಾಗ ಇವ್ರಿಗೋಸ್ಕರ ಬಾಗಿಲು ತೆಗೀತು ಅಂತ ಕೆಲವರಿಗೆ ಅದೂ ಸಿಟ್ಟು ಬಂದಿರ್ಬೇಕು, ಬರ್ಲಿ.

ಇನ್ನು ಆ ಕಳುವಾದ ಟೇಪು. ಅದರಲ್ಲಿದ್ದ ಆಲ್ಬಂ ಹೊರಗೆ ಬರ್ಲೇ ಇಲ್ಲ, ಆದ್ರೆ ಅದರ ಟೈಟಲ್ ಹಾಡನ್ನ 2010ರ ಟೂರಲ್ಲಿ ಬಾರಿಸಿದ್ರು, 2011ರ ಲೈವ್ ಆಲ್ಬಮ್ಮಲ್ಲಿ ಅದಿದೆ, ಸಿಗತ್ತೆ, ಕೇಳಿ. ನಾನು ಹಾಳಾಗಿರತ್ತೆ ಅಂದ್ಕೊಂಡು ಕೇಳ್ದೆ. ಹಾಳಾಗಿಲ್ಲ. ಸ್ಪೀಡಾಗಿದೆ, ರಾಗ ಬಾಯಲ್ಲಿ ನಿಲ್ಲತ್ತೆ, ಡ್ರಮ್ಮು ಕುಣಿಯತ್ತೆ, ಮೂರೂ ಜನ ಕಣ್ಮುಚ್ಕೊಂಡು ಬಾರಿಸ್ಬಹುದಾದ ಹಾಡು. ಚೆನ್ನಾಗೇ ಇದೆ.